ನೀಲಿ ಕೃಷ್ಣ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಇವತ್ತು ಇಲ್ಲಿ ಸಿಂಗಪುರದ ಮ್ಯೂಸಿಯಮ್ಮಿನಲ್ಲಿ, ಈಜಿಪ್ಟಿನ ಗೋರಿಗಳಲ್ಲಿ ಇಡುತ್ತಿದ್ದ ನೀಲಿ ಮೆರುಗಿನ ಪುಟ್ಟ ಗೊಂಬೆಗಳನ್ನು ಮೊಮ್ಮಗಳು ತೋರಿಸಿದಳು. "ತಾತ, ಸತ್ತವರನ್ನ ಕೆಲಸಕ್ಕೆ ಕರೆದ್ರೆ ಅವರ ಬದಲು ಇವು 'ನಾನಿದ್ದೀನಿ' ಅನ್ಬೇಕಂತೆ. ಪಾಪ ಲಾ" ಎಂದಳು, ಮಾತಿನ ಕೊನೆಗೆ ಇಲ್ಲಿನವರ ಹಾಗೆ 'ಲಾ' ಸೇರಿಸಿ. ನಾನು ಬೆಂಚು ಹುಡುಕಿ ಕೂತೆ.

ನಾನು ಚಿಕ್ಕವನಿದ್ದಾಗ ಊರಿನ ನಮ್ಮ ಮನೆಯ ದಸರಾ ಗೊಂಬೆಗಳಲ್ಲಿ ಅದೇ ನೀಲಿಯ ಪಿಂಗಾಣಿ ಕೃಷ್ಣನಿದ್ದ. ಒಂದು ದಸರೆಯ ಮಧ್ಯಾಹ್ನ ಅವನನ್ನು ಕದ್ದು ಕೈಗೆತ್ತಿಕೊಂಡೆ. ಜಾರಿ ಬಿದ್ದು ಒಡೆಯಿತು.

"ಯಾರೋ ಅದು?" ಎನ್ನುತ್ತ ಅಜ್ಜಿ ಬಂದರು. ನಾನು ಪಾತ್ರೆ ತೊಳೆಯುತ್ತಿದ್ದ ಹುಡುಗಿಯ ಕಡೆ ನೋಡಿದೆ. ನನ್ನದೇ ವಯಸ್ಸು. ಒದ್ದೆ ಕೈ ಲಂಗಕ್ಕೆ ಒರೆಸಿಕೊಂಡು, "ನಾನೇ ಅಮ್ಮಾವ್ರೆ" ಅಂದಳು.

"ನಾಳೆಯಿಂದ ಬರಬೇಡ" ಎಂದರು ಅಜ್ಜಿ.

ಸಂಜೆ ಗೊಂಬೆ ನೋಡಲು ಬಂದ ಮಕ್ಕಳಿಗೆಲ್ಲ ಚರುಪಿನ ತಿಂಡಿ ಹಂಚಿದರು. ಆ ಹುಡುಗಿಗೆಂದು ಬೆಳಿಗ್ಗೆಯೇ ಎತ್ತಿಟ್ಟಿದ್ದ ಪಾಲನ್ನೂ ನಾನೇ ತಿಂದೆ.

ಅವಳ ಹೆಸರು ಚೆನ್ನಿ.