ಮಗುಚಿದ ಅಚ್ಚು

ಎಡಬಾಗಿಲು ಮುಚ್ಚಲಿಲ್ಲ. ವಗ್ದಿ ಮತ್ತೊಮ್ಮೆ ತಳ್ಳಿದ. ತೊಂಬತ್ತು ವರ್ಷದ ಆ ಕಾರಿಗೂ ಅವನು ಕಡೆದ ಬಾಗಿಲಿನ ಮರದ ಚೌಕಟ್ಟಿಗೂ ನಡುವೆ ಬೆರಳಗಲದ ಸಂದು ಉಳಿದೇ ಉಳಿಯಿತು. ಆಚೆ ಬದಿಯಲ್ಲಿ ನಸೀಮ್ ಮಾಡಿದ ಬಲಬಾಗಿಲು ‘ಟಪ್’ ಎಂದು ಒಂದೇ ಸದ್ದಿಗೆ ಕೂತಿತ್ತು. ಕಾರ್ಖಾನೆಯ ಒಡತಿ ಹಜ್ಜಾ ಇನ್ಸಾಫ್ ಅದನ್ನು ಬೆಳಗಿನಿಂದ ಏಳು ಸಲ ತೆರೆದು ಮುಚ್ಚಿದ್ದಳು. ಏಳು ಸಲವೂ ವಗ್ದಿಯ ಎದೆ ಉರಿದಿತ್ತು.

“ಏನು ಉಸ್ತಾ, ನಿಮ್ಮ ಬಾಗ್ಲಿಗೆ ಹಸಿವಾ? ಬಾಯೇ ಮುಚ್ತಿಲ್ವಲ್ಲ!” ಎಂದಳು ಹಜ್ಜಾ.

“ಕಡಲ ಗಾಳಿ, ಹಜ್ಜಾ. ಮರ ಉಬ್ಬಿದೆ.”

ಕಡಲ ದಡದ ಊರು ದಮಿಯೆಟ್ಟಾದಲ್ಲಿ ಹಳೆಯ ಕಾರುಗಳಿಗೆ ಮರಗೆಲಸ ಮಾಡುವ ಆ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ವಗ್ದಿಯೊಬ್ಬನೇ ಉಸ್ತಾ, ಅಂದರೆ ಪಳಗಿದ ಮೇಸ್ತ್ರಿ, ಎನಿಸಿಕೊಂಡಿದ್ದ. ನಸೀಮ್ ಬಂದು ಎರಡೇ ತಿಂಗಳು. ಯಾರ ಬಾಗಿಲು ಚೆನ್ನಾಗಿ ಕೂರುವುದೋ ಅವರೇ ಇನ್ನು ಮುಂದೆ ಹಿರಿಯ ಉಸ್ತಾ ಎಂದು ಹಜ್ಜಾ ಹೇಳಿಬಿಟ್ಟಿದ್ದಳು. ಮೊನ್ನೆ ನಸೀಮ್ ಇಬ್ಬರಿಗೂ ಬಿಸಿ ತಾಮಿಯ ವಡೆ ಕಟ್ಟಿಸಿಕೊಂಡು ಬರಲು ಹೋದಾಗ, ವಗ್ದಿ ಅವನ ಚೌಕಟ್ಟಿನ ಮೇಲೆ ಕಾಗದ ಹರಡಿ ಅದರಲ್ಲಿದ್ದ ಒಂದು ಗುರುತನ್ನೂ ಬಿಡದೆ ಅಚ್ಚು ತೆಗೆದುಕೊಂಡಿದ್ದ. ಅದನ್ನೇ ಮಗುಚಿ ಎಡಬಾಗಿಲು ಕಡೆದಿದ್ದ.

ನಸೀಮ್ ಎಡಬಾಗಿಲ ಸಂದನ್ನು ಬಗ್ಗಿ ನೋಡಿದ. “ಉಬ್ಬಿಲ್ಲ, ಉಸ್ತಾ. ಕೈಯಲ್ಲಿ ಕಟ್ಟಿದ ಕಾರು; ಎರಡು ಬದಿ ಯಾವತ್ತೂ ಒಂದೇ ಅಳತೆ ಇರಲ್ಲ. ಈ ಮಾತು ನೀವೇ ನಂಗೆ ಹೇಳಿದ್ದು.” ಚೌಕಟ್ಟಿನ ಮೇಲೆ ಜಾರುತ್ತಿದ್ದ ಅವನ ಬೆರಳು ಬೀಗದ ತೂತಿನ ಕೆಳಗಿದ್ದ ಇನ್ನೊಂದು ತೂತಿನ ಬಳಿ ನಿಂತಿತು. ಅವನು ನಿಧಾನವಾಗಿ ತಲೆಯೆತ್ತಿದ.

“ನನ್ನ ಬಾಗ್ಲಲ್ಲಿ ಇದು ಕೈತಪ್ಪಿ ಬಿದ್ದ ತೂತು. ನಿಮ್ಮದರಲ್ಲಿ ಯಾತಕ್ಕೆ, ಉಸ್ತಾ?”