ಒರೆಸದೆ ಪಡೆದ ಜಾಗ

ಕಂಪ್ಯೂಟರಿನ ಧ್ವನಿ ನಡೆಸಲು ತಾನು ಬರೆದ ಡ್ರೈವರ್ ತಂತ್ರಾಂಶವನ್ನು ಪರೀಕ್ಷಿಸಲು ಮಾರ್ಲಿಸ್ ಮೈಕು ಚಾಲೂ ಮಾಡಿದ್ದಳಷ್ಟೇ. ಇನ್ನೂ ತುಟಿ ಬಿಚ್ಚಿರಲಿಲ್ಲ. ಹೆಡ್‌ಫೋನಿನಲ್ಲಿ ಅವಳದೇ ದನಿ ಕೇಳಿತು: "ಗಡ್ಡೆ ಅಂದ್ರಾ, ಡಾಕ್ಟ್ರೇ?" ಬೆಳಗ್ಗೆ ಇದೇ ಕಂಪ್ಯೂಟರಿನಲ್ಲಿ, ಆಫೀಸಿಗೆ ಯಾರೂ ಬರುವ ಮೊದಲು ಬಾಗಿಲು ಹಾಕಿಕೊಂಡು, ಡಾಕ್ಟರ ವಿಡಿಯೋ ಕರೆಯಲ್ಲಿ ಆಡಿದ ಮಾತು.

ಡ್ರೈವರ್ ಮೆಮೊರಿಯಲ್ಲಿ ಜಾಗ ಕೇಳಿದರೆ, ಹಿಂದೆ ಅಲ್ಲಿದ್ದದ್ದನ್ನು ಒರೆಸಿಯೇ ಕೊಡುವ ಹೊಸ ವಿಧಾನವಿತ್ತು. ವೇಗ ತಗ್ಗೀತೆಂದು ಅವಳೇ ಹಳೆಯ ವಿಧಾನವನ್ನು ಉಳಿಸಿಕೊಂಡಿದ್ದಳು. ಒರೆಸದ ಜಾಗದಲ್ಲಿ ಬೆಳಗಿನ ಮಾತು ಹಾಗೇ ಕೂತಿತ್ತು; ಮೈಕು ಚಾಲೂ ಆದೊಡನೆ ಹೊರಬಿದ್ದಿತ್ತು.

"ಕರ್ಟಿಸ್, ಈ ಡ್ರೈವರ್ ಯಾರಿಗೂ ಕೊಟ್ಟಿಲ್ಲ ತಾನೆ?" ಹೆಡ್‌ಫೋನು ತೆಗೆದು ಪಕ್ಕದ ಮೇಜಿನವನನ್ನು ಕೇಳಿದಳು.

"ಇಲ್ಲ ಮಾರಾಯ್ತಿ, ನಿನ್ನ ಕಂಪ್ಯೂಟರಲ್ಲಿ ಮಾತ್ರ ಇರೋದು."

ಅವಳು ಉಸಿರು ಬಿಟ್ಟಳು. ಕರ್ಟಿಸ್ ಮಾತ್ರ ತಲೆಯೆತ್ತದೆ ಕಾಫಿ ಲೋಟ ತಿರುಗಿಸುತ್ತಲೇ ಇದ್ದ.

"ಬೆಳಗ್ಗೆ ನೀನು ಆನ್‌ಲೈನ್ ಮೀಟಿಂಗಿಗೆ ಸೇರ್ಕೊಂಡು ಮೈಕು ಹಾಕಿದಾಗ, ಗಡ್ಡೆ ಅನ್ನೋ ಮಾತು ನಮಗೆಲ್ಲ ಕೇಳಿಸ್ತು," ಎಂದ. "ಡಾಕ್ಟ್ರು ಇನ್ನೇನಂದ್ರು?"