ಅಲೆಯೋ ಅಂಗಳವೋ

ಕಡಲತೀರದ ಕ್ರೀಡಾಕೇಂದ್ರದಲ್ಲಿ ಹೊಸಬರಿಗೆ ಪುಕ್ಕಟೆ ಕಲಿಸುವುದು ಒಂದೇ ಆಟವನ್ನು. ಸ್ಕೇಟಿಂಗೋ ಸರ್ಫಿಂಗೋ ಎಂದು ತರಬೇತುದಾರ ಕೇಳುವಷ್ಟರಲ್ಲಿ ತಾಯಿ ಮಗಳ ರಟ್ಟೆ ಹಿಡಿದಳು.

"ಚಕ್ರದ ಹಲಗೇನೇ ತಗೊಳ್ಳೇ, ನನ್ನಮ್ಮ. ಬಿದ್ದು ಮೂಳೆ ಮುರಿದ್ರೆ ಕಟ್ಟು ಹಾಕಿಸ್ತೀನಿ. ನಿಮ್ಮಪ್ಪನ್ನ ನುಂಗಿದ ಸಮುದ್ರ ಹೆಣಾನೂ ವಾಪಸ್ ಕೊಡ್ಲಿಲ್ಲ."

"ಅಮ್ಮ ಹೇಳೋದು ಸರಿ," ಎಂದು ತರಬೇತುದಾರ ನಕ್ಕ. "ಸ್ಕೇಟಿಂಗ್ ಅಂಗಳ ಕನ್ನಡಿ ಥರ ಇದೆ. ದಿನಾ ನಿಮ್ಮಮ್ಮನೇ ಗುಡಿಸ್ತಾರಲ್ಲ."

ಮೀನುಗಾರರ ಓಣಿಯನ್ನು ಬುಲ್ಡೋಜರ್ ನೆಲಸಮ ಮಾಡಿದ ಮೇಲೆ ಹೊಯ್ದ ಕಾಂಕ್ರೀಟು ಅದು. ಮಗಳು ಅತ್ತ ನೋಡಲೂ ಇಲ್ಲ. "ನೀನು ಪೊರಕೆ ಎಳೆಯೋ ಜಾಗದಡಿ ನಮ್ಮ ಅಡುಗೆಮನೆ ಇದೆ ಕಣಮ್ಮ. ಅದರ ಮೇಲೆ ಚಕ್ರ ಉರುಳಿಸ್ಲಾ?"

ತಾಯಿ ಮಗಳ ರಟ್ಟೆ ಬಿಟ್ಟಳು. ಆಕೆ ತರಬೇತುದಾರನ ಎರಡೂ ಕೈ ಹಿಡಿದುಕೊಂಡಳು. "ಸೊಂಟದ ಮಟ್ಟದ ನೀರು ದಾಟಿಸ್ಬೇಡಪ್ಪ. ನನಗಿರೋಳು ಇವಳೊಬ್ಬಳೇ."